ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ

‘ಆಮದು’ ಎಂದೊಡನೆ ಹಳೆಯ ತಲೆಮಾರಿನವರಿಗೆ ನೆನಪಾಗುವುದು ಬಂದರು, ಹಡಗು, ಸುಂಕದ ಕಚೇರಿ ಮತ್ತು ದೆಹಲಿಯ ಪರವಾನಗಿ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವ ಇಂದಿನ ತಲೆಮಾರಿಗೆ ಈ ಪದಕ್ಕೆ ಇನ್ನೊಂದು ಅರ್ಥವೂ ಉಂಟು. ಅವರು ಪ್ರೋಗ್ರಾಂ ಬರೆಯಲು ಕುಳಿತಾಗ ಮೊದಲ ಸಾಲಿನಲ್ಲಿಯೇ ಬರುವ ಆದೇಶ ‘ಇಂಪೋರ್ಟ್’. ಬೇರೆ ಯಾರೋ ಬರೆದಿಟ್ಟ ತಂತ್ರಾಂಶದ ತುಣುಕೊಂದನ್ನು ತನ್ನ ಪ್ರೋಗ್ರಾಮಿನೊಳಕ್ಕೆ ತರಿಸಿಕೊಡು ಎಂದು ಗಣಕಯಂತ್ರಕ್ಕೆ ಹೇಳುವ ಆದೇಶ ಇದು. ತರಿಸಿಕೊಳ್ಳುವ ತುಣುಕಿಗೆ ‘ಮಾಡ್ಯೂಲ್’ ಎಂದು ಹೆಸರು. ಗಣಕಕ್ಕೆ ಅದು ಸಿಗದೆ ಹೋದರೆ, ಆ ಹೆಸರಿನ ಮಾಡ್ಯೂಲ್ ಇಲ್ಲ ಎಂಬ ಒಂದು ಸಾಲನ್ನು ಪರದೆಯ ಮೇಲೆ ಮೂಡಿಸಿ ಕೆಲಸ ನಿಲ್ಲಿಸಿಬಿಡುತ್ತದೆ.

ಪ್ರೋಗ್ರಾಮಿಂಗ್ ಕಲಿಯಲು ಹೊರಟ ಯಾರೂ ಈ ಸಾಲಿನಿಂದ ತಪ್ಪಿಸಿಕೊಂಡಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ತರಬೇತಿ ಕೇಂದ್ರದಲ್ಲಿ ಮೊದಲ ವಾರ ಕಳೆಯುತ್ತಿರುವ ಹುಡುಗ ಅಥವಾ ಹುಡುಗಿಗೆ ಇದು ದೊಡ್ಡ ಆಘಾತ. ಪುಸ್ತಕದಲ್ಲಿದ್ದುದನ್ನು ಅಕ್ಷರ ತಪ್ಪದೆ ಬರೆದಿದ್ದರೂ ಯಂತ್ರ ಒಪ್ಪುವುದಿಲ್ಲ. ಪಕ್ಕದ ಮೇಜಿನಲ್ಲಿ ಅದೇ ಪ್ರೋಗ್ರಾಂ ಸರಾಗವಾಗಿ ಓಡುತ್ತಿರುತ್ತದೆ. ‘ಇದು ನಮ್ಮಂಥವರಿಗಲ್ಲ’ ಎಂಬ ಅಳುಕು ಹುಟ್ಟುವುದು ಇಂಥ ಗಳಿಗೆಯಲ್ಲಿಯೇ. ಆದರೆ ಎಷ್ಟೋ ಸಲ ‘ಇಲ್ಲ’ ಎಂದು ಗಣಕ ಹೇಳಿದ ಮಾಡ್ಯೂಲ್ ಅದೇ ಯಂತ್ರದೊಳಗೆ ಭದ್ರವಾಗಿ ಕುಳಿತಿರುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಇರುವ ವಸ್ತು ಕಾಣದಂತಾಗುವುದು ಏಕೆ ಎಂಬ ಪ್ರಶ್ನೆಗೆ ಮುಕ್ಕಾಲು ಶತಮಾನದ ಇತಿಹಾಸವಿದೆ.

ಬೀರುವಿನಲ್ಲಿದ್ದ ಗ್ರಂಥಾಲಯ

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ಮುಂದಾಳತ್ವದಲ್ಲಿ ನಿರ್ಮಾಣವಾದ ‘ಎಡ್ಸ್ಯಾಕ್’ ಗಣಕ 1949ರ ಮೇ 6ರಂದು ತನ್ನ ಮೊದಲ ಪ್ರೋಗ್ರಾಮನ್ನು ನಡೆಸಿತು. ಆ ಯಂತ್ರಕ್ಕೆ ಆದೇಶ ಕೊಡುತ್ತಿದ್ದುದು ರಂಧ್ರ ಕೊರೆದ ಕಾಗದದ ಪಟ್ಟಿಯ ಮೂಲಕ. ಬಳಸಲಾರಂಭಿಸಿದ ಕೆಲವೇ ದಿನಗಳಲ್ಲಿ ಅಲ್ಲಿನವರಿಗೆ ಎರಡು ಸಂಗತಿಗಳು ಮನವರಿಕೆಯಾದವು. ಮೊದಲನೆಯದು, ಎಷ್ಟೇ ಎಚ್ಚರ ವಹಿಸಿದರೂ ಪ್ರೋಗ್ರಾಮಿನಲ್ಲಿ ತಪ್ಪುಗಳು ನುಸುಳುತ್ತವೆ. ತಮ್ಮ ಉಳಿದ ಆಯುಷ್ಯದ ಬಹುಭಾಗ ತಮ್ಮದೇ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯಲಿದೆ ಎಂಬ ಅರಿವು ಆಗ ತಮಗೆ ಮೂಡಿದ್ದನ್ನು ವಿಲ್ಕ್ಸ್ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಎರಡನೆಯದು, ವರ್ಗಮೂಲ ತೆಗೆಯುವುದು, ಉತ್ತರ ಮುದ್ರಿಸುವುದು ಮುಂತಾದ ಕೆಲಸಗಳು ಎಲ್ಲ ಪ್ರೋಗ್ರಾಮುಗಳಲ್ಲೂ ಮತ್ತೆ ಮತ್ತೆ ಬರುತ್ತವೆ. ಪ್ರತಿಯೊಬ್ಬರೂ ಅವನ್ನು ಹೊಸದಾಗಿ ಬರೆದರೆ ಪ್ರತಿಯೊಬ್ಬರೂ ಹೊಸದಾಗಿ ತಪ್ಪು ಮಾಡುತ್ತಾರೆ.

ಇದಕ್ಕೆ ಅವರು ಕಂಡುಕೊಂಡ ಪರಿಹಾರ ಗ್ರಂಥಾಲಯ. ಒಮ್ಮೆ ಪರೀಕ್ಷಿಸಿ ಸರಿ ಎಂದು ಕಂಡ ತುಣುಕುಗಳ ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ, ಹೆಸರು ಬರೆದು, ಉಕ್ಕಿನ ಬೀರುವಿನಲ್ಲಿ ಜೋಡಿಸಿಟ್ಟರು. ಬೇಕಾದವರು ಸುರುಳಿಯನ್ನು ಹೊರತೆಗೆದು ತಮ್ಮ ಪಟ್ಟಿಯ ಮೇಲೆ ಯಂತ್ರದಿಂದ ನಕಲು ಮಾಡಿಕೊಂಡು, ಮೂಲವನ್ನು ಮೊದಲಿದ್ದ ಜಾಗದಲ್ಲೇ ಇಡಬೇಕಾಗಿತ್ತು. ವಿಲ್ಕ್ಸ್, ಡೇವಿಡ್ ವ್ಹೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಈ ಪದ್ಧತಿಯನ್ನು ವಿವರಿಸಿ 1951ರಲ್ಲಿ ಪ್ರಕಟಿಸಿದ ಪುಸ್ತಕ, ಪ್ರೋಗ್ರಾಂ ರಚನೆಯನ್ನು ಕುರಿತ ಮೊದಮೊದಲ ಪುಸ್ತಕಗಳಲ್ಲಿ ಒಂದು. ಸುರುಳಿ ಜಾಗ ತಪ್ಪಿದ್ದರೆ ಬೀರುವನ್ನೆಲ್ಲ ಕಣ್ಣಾರೆ ನೋಡಿ ಹುಡುಕಬಹುದಿತ್ತು. ಈ ಹುಡುಕುವ ಕೆಲಸ ಮನುಷ್ಯನಿಂದ ಯಂತ್ರಕ್ಕೆ ವರ್ಗವಾದಾಗ ಹೊಸ ಬಗೆಯ ತೊಡಕು ಆರಂಭವಾಯಿತು.

ಆ ವರ್ಗಾವಣೆಯ ಒಂದು ಮುಖ್ಯ ಹೆಜ್ಜೆ 1952ರ ಸುಮಾರಿನದು. ಅಮೆರಿಕದ ಗ್ರೇಸ್ ಹಾಪರ್ ರೂಪಿಸಿದ ‘ಎ-ಸೊನ್ನೆ’ ಎಂಬ ವ್ಯವಸ್ಥೆಯಲ್ಲಿ ಪ್ರತಿ ತುಣುಕಿಗೂ ಒಂದು ಗುರುತಿನ ಸಂಖ್ಯೆಯಿತ್ತು. ಸಂಖ್ಯೆ ಬರೆದರೆ ಸಾಕು, ಯಂತ್ರವೇ ಟೇಪಿನಿಂದ ಆ ತುಣುಕನ್ನು ಹುಡುಕಿ ತಂದು ಜೋಡಿಸುತ್ತಿತ್ತು. ಮುಂದೆ ಸಂಖ್ಯೆಯ ಜಾಗಕ್ಕೆ ಹೆಸರು ಬಂತು. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಮಾಡ್ಯುಲಾ-2 ಭಾಷೆಯಲ್ಲಿ ‘ಇಂಪೋರ್ಟ್’ ಎಂಬುದು ಭಾಷೆಯದೇ ಪದವಾಗಿತ್ತು. ಆಮ್‌ಸ್ಟರ್‌ಡ್ಯಾಮಿನ ಗೀಡೊ ವಾನ್ ರೊಸ್ಸಮ್ 1991ರಲ್ಲಿ ಹೊರತಂದ ಪೈಥಾನ್ ಭಾಷೆ ಈ ಪರಂಪರೆಯನ್ನು ಮೊದಲ ಆವೃತ್ತಿಯಿಂದಲೇ ತನ್ನದಾಗಿಸಿಕೊಂಡಿತು. ಈ ಹೆಸರು ಬಂದದ್ದು ಹೆಬ್ಬಾವಿನಿಂದಲ್ಲ. ಬ್ರಿಟಿಷ್ ಟೆಲಿವಿಷನ್ನಿನ ‘ಮಾಂಟಿ ಪೈಥಾನ್’ ಎಂಬ ಹಾಸ್ಯ ಕಾರ್ಯಕ್ರಮದಿಂದ. ಇಂದು ಎಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದಲ್ಲೇ ಕಲಿಸಲಾಗುವ ಈ ಭಾಷೆಗೆ ಬೆಂಗಳೂರಿನಲ್ಲಿ ದೊಡ್ಡ ಬಳಗವೇ ಇದೆ. ಪೈಥಾನ್ ಬಳಸುವವರ ಮೊದಲ ರಾಷ್ಟ್ರೀಯ ಸಮ್ಮೇಳನ ‘ಪೈಕಾನ್ ಇಂಡಿಯಾ’ 2009ರಲ್ಲಿ ನಡೆದದ್ದು ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಅರ್ಧ ಇಂಚಿನ ಬೋಲ್ಟು

ಒಬ್ಬರು ಮಾಡಿದ ಬಿಡಿಭಾಗ ಇನ್ನೊಬ್ಬರ ಯಂತ್ರಕ್ಕೆ ಕೂರಬೇಕು ಎಂಬ ಸಮಸ್ಯೆ ತಂತ್ರಾಂಶಕ್ಕಿಂತ ಹಳೆಯದು. ಬೆಂಗಳೂರಿನ ವಾಯವ್ಯದಲ್ಲಿರುವ ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದೇ ಲೇತ್ ಕೆಲಸಗಾರನಿಗೆ ಇದು ಗೊತ್ತು. ‘ಅರ್ಧ ಇಂಚಿನ ಬೋಲ್ಟು’ ಎಂದಷ್ಟೇ ಹೇಳಿದರೆ ಸಾಲದು. ಜೋಸೆಫ್ ವಿಟ್ವರ್ತ್ 1841ರಲ್ಲಿ ಸೂಚಿಸಿದ ಬ್ರಿಟಿಷ್ ಪದ್ಧತಿಯಲ್ಲಿ ಅದಕ್ಕೆ ಇಂಚಿಗೆ 12 ಥ್ರೆಡ್ಡು. ಅಮೆರಿಕದ ಪದ್ಧತಿಯಲ್ಲಿ 13. ಎರಡರ ಹೆಸರೂ ಒಂದೇ, ನೋಟವೂ ಹೆಚ್ಚು ಕಡಿಮೆ ಒಂದೇ. ಒಂದರ ನಟ್ಟನ್ನು ಇನ್ನೊಂದರ ಬೋಲ್ಟಿಗೆ ಹಾಕಿದರೆ ಎರಡು ಸುತ್ತು ತಿರುಗಿ ಬಿಗಿದುಕೊಳ್ಳುತ್ತದೆ. ಬಲವಂತ ಮಾಡಿದರೆ ಎರಡೂ ಹಾಳು. ಭಾರತ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಬದಲಾಗತೊಡಗಿದ ಮೇಲೂ ಹಳೆಯ ಯಂತ್ರಗಳು ಹಳೆಯ ಥ್ರೆಡ್ಡನ್ನೇ ಬೇಡುತ್ತಿದ್ದವು.

ಇದೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಉಡುಪಿ ರಾಮಚಂದ್ರ ರಾವ್ ಅವರ ನೇತೃತ್ವದಲ್ಲಿ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಅದನ್ನು ಕಕ್ಷೆಗೆ ಒಯ್ದದ್ದು ಸೋವಿಯತ್ ರಾಕೆಟ್. ಪೀಣ್ಯದಲ್ಲಿ ಮಾಡಿದ ವಸ್ತು ಸಾವಿರಾರು ಮೈಲಿ ದೂರದಲ್ಲಿ ತಯಾರಾದ ರಾಕೆಟ್ಟಿನ ತುದಿಗೆ ಕರಾರುವಾಕ್ಕಾಗಿ ಕೂರಬೇಕಾದರೆ ಅಳತೆ, ಹೆಸರು, ಜೋಡಣೆಯ ವಿಧಾನ ಎಲ್ಲದರ ಬಗ್ಗೆ ಮೊದಲೇ ಒಪ್ಪಂದವಾಗಿರಬೇಕು. ತಂತ್ರಾಂಶದಲ್ಲಿ ‘ಇಂಪೋರ್ಟ್’ ಎಂಬ ಆದೇಶದ ಹಿಂದೆ ಇರುವುದೂ ಇಂಥದೇ ಒಪ್ಪಂದ: ಯಾವ ಹೆಸರು, ಯಾವ ಜಾಗ, ಯಾವ ಆವೃತ್ತಿ. ಮೂರರಲ್ಲಿ ಒಂದು ತಪ್ಪಿದರೂ ಯಂತ್ರ ಮುಂದಕ್ಕೆ ಹೋಗುವುದಿಲ್ಲ.

ಅಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ

ಈ ಒಪ್ಪಂದದ ಮಹತ್ವ ಬೆಂಗಳೂರಿಗೆ ಮಿಕ್ಕ ಊರುಗಳಿಗಿಂತ ಹೆಚ್ಚು. ಏಕೆಂದರೆ ಇಲ್ಲಿನ ತಂತ್ರಾಂಶ ಉದ್ಯಮ ನಿಂತಿರುವುದೇ ಒಂದು ಕಡೆ ಬರೆದದ್ದನ್ನು ಇನ್ನೊಂದು ಕಡೆ ನಡೆಸುವುದರ ಮೇಲೆ. ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿದಾಗ, ಗಣಕವನ್ನು ಹೊರದೇಶದಿಂದ ತರಿಸುವುದೇ ಹರಸಾಹಸವಾಗಿತ್ತು. ಒಂದು ಯಂತ್ರದ ಆಮದು ಪರವಾನಗಿಗಾಗಿ ದೆಹಲಿಗೆ ಪದೇ ಪದೇ ಅಲೆದದ್ದನ್ನು ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿ ಹಲವು ಬಾರಿ ಹೇಳಿಕೊಂಡಿದ್ದಾರೆ. 1984ರ ಗಣಕ ನೀತಿ ಈ ಬಿಗಿಯನ್ನು ಸಡಿಲಿಸಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಕೆಲಸವನ್ನು ಅಮೆರಿಕಕ್ಕೆ ಕಳುಹಿಸುವ ದಾರಿ ತೋರಿಸಿತು. 1991ರಲ್ಲಿ ಆರಂಭವಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ಸಣ್ಣ ಕಂಪನಿಗಳಿಗೂ ಅಂಥ ಸಂಪರ್ಕವನ್ನು ಎಟುಕಿಸಿತು. 1994ರಲ್ಲಿ ಇನ್ಫೋಸಿಸ್ ಎಲೆಕ್ಟ್ರಾನಿಕ್ ಸಿಟಿಯ ತನ್ನ ಆವರಣಕ್ಕೆ ಬಂತು. ಅದೇ ದಶಕದಲ್ಲಿ, 19ನೆಯ ಶತಮಾನದಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ಆರಂಭವಾಗಿದ್ದ ವೈಟ್‌ಫೀಲ್ಡಿನಲ್ಲಿ ತಂತ್ರಜ್ಞಾನ ಪಾರ್ಕ್ ಎದ್ದಿತು.

ಗಣಕದ ಆಮದು ಸುಲಭವಾಯಿತು. ಪ್ರೋಗ್ರಾಮಿನೊಳಗಿನ ಆಮದು ಸುಲಭವಾಗಲಿಲ್ಲ. 2000ನೇ ಇಸವಿಯ ಹೊಸ್ತಿಲಲ್ಲಿ ಜಗತ್ತನ್ನು ಕಾಡಿದ ‘ವೈ-ಟು-ಕೆ’ ಸಮಸ್ಯೆ ಇದನ್ನು ಎತ್ತಿ ತೋರಿಸಿತು. ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಹಳೆಯ ಪ್ರೋಗ್ರಾಮುಗಳನ್ನು ತಿದ್ದುವ ಕೆಲಸ ಭಾರತದ ಕಂಪನಿಗಳಿಗೆ ದೊಡ್ಡ ಪ್ರಮಾಣದಲ್ಲಿ ಬಂತು. ಅವುಗಳಲ್ಲಿ ಬಹುಪಾಲು ಕೋಬಾಲ್ ಭಾಷೆಯವು. ಕೋಬಾಲಿನಲ್ಲಿ ‘ಕಾಪಿ’ ಎಂಬ ಆದೇಶವಿದೆ. ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ‘ಕಾಪಿಬುಕ್’ ಎಂಬ ತುಣುಕನ್ನು ಅದು ತಂದು ಸೇರಿಸುತ್ತದೆ. ಇಪ್ಪತ್ತು, ಮೂವತ್ತು ವರ್ಷಗಳಿಂದ ನಡೆಯುತ್ತಿದ್ದ ವ್ಯವಸ್ಥೆಯ ಮೂಲಪ್ರತಿಗಳನ್ನು ಒಟ್ಟುಗೂಡಿಸಿ ಬೇರೊಂದು ಯಂತ್ರದ ಮೇಲೆ ಇಳಿಸಿದಾಗ ಯಾವುದೋ ಒಂದು ಕಾಪಿಬುಕ್ ಹಿಂದೆಯೇ ಉಳಿದಿರುತ್ತಿತ್ತು, ಇಲ್ಲವೇ ಬಂದದ್ದು ಹಳೆಯ ಪ್ರತಿಯಾಗಿರುತ್ತಿತ್ತು. ಮನೆ ಬದಲಿಸಿದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಹಳೆಯ ಮನೆಯಲ್ಲಿ ಕತ್ತಲಲ್ಲೂ ಕೈಗೆ ಸಿಗುತ್ತಿದ್ದ ಬೆಂಕಿಪೊಟ್ಟಣ ಹೊಸ ಮನೆಯಲ್ಲಿ ಹಗಲಲ್ಲೂ ಸಿಗುವುದಿಲ್ಲ.

ಕನ್ನಡದ ಸಾಮಾನ್ಯ ಓದುಗನೂ ಇಂಥದೇ ದೋಷವನ್ನು ಬೇರೆ ವೇಷದಲ್ಲಿ ಕಂಡಿದ್ದಾನೆ. ಶ್ರೀಲಿಪಿ, ಆಕೃತಿ, ಬರಹ, ನುಡಿ ಮುಂತಾದ ತಂತ್ರಾಂಶಗಳಲ್ಲಿ ಟೈಪು ಮಾಡಿದ ಕಡತವನ್ನು ಇನ್ನೊಂದು ಕಚೇರಿಗೆ ಕಳುಹಿಸಿದರೆ, ಅಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದ ಕಾಲವೊಂದಿತ್ತು. ಕಡತ ಹಾಳಾಗಿರುತ್ತಿರಲಿಲ್ಲ. ಅದು ಹೆಸರಿಟ್ಟು ಕೇಳುತ್ತಿದ್ದ ಅಕ್ಷರಶೈಲಿ, ಅಂದರೆ ಫಾಂಟ್, ಆ ಯಂತ್ರದಲ್ಲಿ ಇರುತ್ತಿರಲಿಲ್ಲ ಅಷ್ಟೆ. ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಕೇತ ನೀಡುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರೂ, ಅದು ಇಲ್ಲಿನ ಕಚೇರಿಗಳಲ್ಲಿ ಬಳಕೆಗೆ ಬರಲು ವರ್ಷಗಳೇ ಹಿಡಿದವು.

ಅಂಚೆಯವನ ಪಟ್ಟಿ

ಗಣಕ ಮಾಡ್ಯೂಲನ್ನು ಹುಡುಕುವ ಬಗೆಯನ್ನು ತಿಳಿದರೆ ದೋಷದ ಅರ್ಧ ಪರಿಹಾರವಾದಂತೆ. ಪೈಥಾನ್ ಬಳಿ ಫೋಲ್ಡರುಗಳ ಒಂದು ಪಟ್ಟಿ ಇರುತ್ತದೆ. ಅದು ವಿಳಾಸದ ಬದಲು ಬರೀ ಹೆಸರು ಹಿಡಿದು ಹೊರಟ ಅಂಚೆಯವನಂತೆ ಪಟ್ಟಿಯಲ್ಲಿರುವ ಬೀದಿಗಳನ್ನು ಬರೆದ ಕ್ರಮದಲ್ಲೇ ಸುತ್ತುತ್ತದೆ. ಆ ಹೆಸರಿನವರು ಮೊದಲು ಸಿಕ್ಕ ಮನೆಯಲ್ಲಿ ನಿಂತುಬಿಡುತ್ತದೆ. ಪಟ್ಟಿಯಲ್ಲಿಲ್ಲದ ಬೀದಿಗೆ ಕಾಲಿಡುವುದಿಲ್ಲ. ‘ಇಲ್ಲ’ ಎಂದು ಅದು ಹೇಳಿದರೆ ‘ನನ್ನ ಪಟ್ಟಿಯ ಬೀದಿಗಳಲ್ಲಿ ಇಲ್ಲ’ ಎಂದಷ್ಟೇ ಅರ್ಥ.

ಇದರಿಂದ ಹುಟ್ಟುವ ತೊಡಕುಗಳು ಹಲವು. ಮೊದಲನೆಯದು, ಒಂದೇ ಯಂತ್ರದಲ್ಲಿ ಎರಡು ಮೂರು ಪೈಥಾನ್‌ಗಳು ಇರುವುದು. ಕಾರ್ಯಾಚರಣ ವ್ಯವಸ್ಥೆಯ ಜೊತೆಗೇ ಬಂದದ್ದು ಒಂದು, ಬಳಕೆದಾರ ತಾನಾಗಿ ಹಾಕಿಕೊಂಡದ್ದು ಇನ್ನೊಂದು. ಪ್ರತಿಯೊಂದಕ್ಕೂ ಅದರದೇ ಪಟ್ಟಿ. ‘ಪಿಪ್’ ಎಂಬ ಸಾಧನದಿಂದ ಮಾಡ್ಯೂಲನ್ನು ಒಂದರೊಳಗೆ ಸ್ಥಾಪಿಸಿ, ಪ್ರೋಗ್ರಾಮನ್ನು ಇನ್ನೊಂದರಿಂದ ನಡೆಸಿದರೆ ಸಿಗುವುದಾದರೂ ಹೇಗೆ? ಪ್ರೋಗ್ರಾಂ ನಡೆಸುವ ಪೈಥಾನ್ ಮೂಲಕವೇ ಪಿಪ್ಪನ್ನು ಕರೆಯುವುದು ಇದಕ್ಕೆ ಮದ್ದು.

ಎರಡನೆಯದು, ನೆರಳು ಬೀಳುವುದು. ನಡೆಯುತ್ತಿರುವ ಪ್ರೋಗ್ರಾಂ ಇರುವ ಫೋಲ್ಡರ್ ಸಾಮಾನ್ಯವಾಗಿ ಪಟ್ಟಿಯಲ್ಲಿ ಮೊದಲನೆಯದು. ಯಾದೃಚ್ಛಿಕ ಸಂಖ್ಯೆಗಳನ್ನು ಕೊಡುವ ‘ರ್‍ಯಾಂಡಮ್’ ಎಂಬ ಮಾಡ್ಯೂಲನ್ನು ಅಭ್ಯಾಸ ಮಾಡಲು ಹೊರಟ ವಿದ್ಯಾರ್ಥಿ ತನ್ನ ಕಡತಕ್ಕೂ ಅದೇ ಹೆಸರಿಟ್ಟರೆ ಅಂಚೆಯವನು ಮೊದಲ ಬೀದಿಯಲ್ಲೇ ನಿಂತು ವಿದ್ಯಾರ್ಥಿಯ ಕಡತವನ್ನೇ ತಂದುಕೊಡುತ್ತಾನೆ. ಆಗ ಬರುವ ದೂರು ಬೇರೆ: ಮಾಡ್ಯೂಲ್ ಸಿಕ್ಕಿತು, ಕೇಳಿದ ವಸ್ತು ಅದರಲ್ಲಿಲ್ಲ. ಮಾಡ್ಯೂಲೇ ಸಿಗದಿರುವುದಕ್ಕೆ ಪ್ರತ್ಯೇಕ ಹೆಸರಿನ ದೋಷ ಸೇರ್ಪಡೆಯಾದದ್ದು 2016ರ ಡಿಸೆಂಬರಿನಲ್ಲಿ ಬಂದ 3.6ನೇ ಆವೃತ್ತಿಯಲ್ಲಿ.

ಮೂರನೆಯದು ಹೆಸರಿನ ಗೊಂದಲ. ಅಂಗಡಿಯಲ್ಲಿ ಕೇಳುವ ಹೆಸರು ಒಂದು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು. ಚಿತ್ರಗಳನ್ನು ಸಂಸ್ಕರಿಸುವ ಒಂದು ಜನಪ್ರಿಯ ಮಾಡ್ಯೂಲನ್ನು ‘ಪಿಲ್ಲೋ’ ಎಂದು ಸ್ಥಾಪಿಸಬೇಕು, ‘ಪಿ-ಐ-ಎಲ್’ ಎಂದು ಆಮದು ಮಾಡಿಕೊಳ್ಳಬೇಕು. ಇದರ ಜೊತೆಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳ ಕಾಟ. ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲ. ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ. 2008ರ ಡಿಸೆಂಬರಿನಲ್ಲಿ ಪೈಥಾನ್ 3 ಬಂದಾಗ, ದೊಡ್ಡಕ್ಷರದಿಂದ ಆರಂಭವಾಗುತ್ತಿದ್ದ ಹಲವು ಮಾಡ್ಯೂಲುಗಳ ಹೆಸರು ಸಣ್ಣಕ್ಷರಕ್ಕೆ ಬದಲಾಯಿತು, ಕೆಲವು ಬೇರೆಯವುಗಳಲ್ಲಿ ವಿಲೀನಗೊಂಡವು. ಹಳೆಯ ಪೈಥಾನ್ 2ಕ್ಕೆ ಅಧಿಕೃತ ಬೆಂಬಲ ನಿಂತದ್ದು 2020ರ ಜನವರಿ 1ರಂದು. ನಡುವಿನ ಹನ್ನೊಂದು ವರ್ಷ ಜಗತ್ತಿನ ತುಂಬ ಎರಡೂ ಒಟ್ಟಿಗೇ ನಡೆದವು. ಹಳೆಯ ಪುಸ್ತಕ ನೋಡಿ ಬರೆದವರಿಗೆ ಹೊಸ ಯಂತ್ರ ‘ಇಲ್ಲ’ ಎಂದದ್ದಕ್ಕೆ ಲೆಕ್ಕವಿಲ್ಲ.

ನಾಲ್ಕನೆಯದು, ಎರಡು ಮಾಡ್ಯೂಲುಗಳು ಪರಸ್ಪರ ಒಂದನ್ನೊಂದು ಆಮದು ಮಾಡಿಕೊಳ್ಳಲು ಹೊರಡುವುದು. ಮೊದಲನೆಯದು ಪೂರ್ತಿಯಾಗಲು ಎರಡನೆಯದು ಬೇಕು, ಎರಡನೆಯದು ಪೂರ್ತಿಯಾಗಲು ಮೊದಲನೆಯದು ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಸ್ಥಿತಿ. ಇಬ್ಬರಿಗೂ ಬೇಕಾದುದನ್ನು ಮೂರನೆಯ ಕಡತಕ್ಕೆ ಸಾಗಿಸುವುದು ಇಲ್ಲಿ ಸಾಮಾನ್ಯ ಪರಿಹಾರ.

ಆವೃತ್ತಿಗಳ ಜಗಳಕ್ಕೆ ಉದ್ಯಮ ಕಂಡುಕೊಂಡ ಉಪಾಯ ಅವಿಭಕ್ತ ಕುಟುಂಬವನ್ನು ಪಾಲು ಮಾಡಿದಂತಿದೆ. 2007ರಲ್ಲಿ ಇಯಾನ್ ಬಿಕಿಂಗ್ ‘ವರ್ಚುಯಲ್‌ಎನ್ವ್’ ಎಂಬ ಸಾಧನವನ್ನು ಹೊರತಂದರು. ಪ್ರತಿ ಕೆಲಸಕ್ಕೂ ಪ್ರತ್ಯೇಕ ಕೋಣೆ, ಪ್ರತ್ಯೇಕ ಸಾಮಾನು, ಪ್ರತ್ಯೇಕ ಪಟ್ಟಿ. ಒಂದು ಕೋಣೆಯಲ್ಲಿ ಹಳೆಯ ಥ್ರೆಡ್ಡಿನ ಬೋಲ್ಟಿದ್ದರೆ ಇನ್ನೊಂದರಲ್ಲಿ ಹೊಸತು ಇರಬಹುದು. 2012ರಲ್ಲಿ ಇದರ ಸರಳ ರೂಪ ಪೈಥಾನ್ ಭಾಷೆಯ ಭಾಗವೇ ಆಯಿತು.

ಹನ್ನೊಂದು ಸಾಲು

ಇದಿಷ್ಟೂ ಕಲಿಯುವವರ ಪಾಡು ಎಂದುಕೊಳ್ಳುವಂತಿಲ್ಲ. 2016ರ ಮಾರ್ಚ್ 22ರಂದು, ಜಾವಾಸ್ಕ್ರಿಪ್ಟ್ ಭಾಷೆಯ ಸಾರ್ವಜನಿಕ ಭಂಡಾರದಿಂದ ‘ಲೆಫ್ಟ್-ಪ್ಯಾಡ್’ ಎಂಬ ಪುಟ್ಟ ಮಾಡ್ಯೂಲನ್ನು ಅದನ್ನು ಬರೆದವರೇ ಹಿಂದಕ್ಕೆ ಪಡೆದರು. ಅದರಲ್ಲಿದ್ದದ್ದು ಹನ್ನೊಂದು ಸಾಲು. ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದನ್ನು ನೇರವಾಗಿಯೋ ಸುತ್ತುಬಳಸಿಯೋ ಆಮದು ಮಾಡಿಕೊಳ್ಳುತ್ತಿದ್ದ ಲೆಕ್ಕವಿಲ್ಲದಷ್ಟು ತಂತ್ರಾಂಶಗಳ ಸಿದ್ಧತೆ ಜಗತ್ತಿನಾದ್ಯಂತ ನಿಂತುಹೋಯಿತು. ಸುಮಾರು ಎರಡು ಗಂಟೆಯ ಬಳಿಕ ಅದನ್ನು ಭಂಡಾರಕ್ಕೆ ಮರಳಿ ಸೇರಿಸಲಾಯಿತು. ಯಾರ ಹೆಸರೂ ತಿಳಿಯದೆ ಯಾರ ಯಾರದೋ ಸರಕನ್ನು ನಂಬಿ ಕಟ್ಟಡ ಎತ್ತಿದ್ದೇವೆ ಎಂಬುದು ಅನೇಕ ಕಂಪನಿಗಳಿಗೆ ಅಂದು ಅರಿವಾಯಿತು.

ವಸ್ತು ಸಿಗದಿರುವುದಕ್ಕಿಂತ ತಪ್ಪು ವಸ್ತು ಸಿಗುವುದು ಹೆಚ್ಚು ಅಪಾಯಕರ. 2021ರ ಫೆಬ್ರುವರಿಯಲ್ಲಿ ಅಲೆಕ್ಸ್ ಬಿರ್ಸಾನ್ ಎಂಬ ಭದ್ರತಾ ಸಂಶೋಧಕ ಇದನ್ನು ಬಹಿರಂಗಪಡಿಸಿದರು. ದೊಡ್ಡ ಕಂಪನಿಗಳು ತಮ್ಮೊಳಗಷ್ಟೇ ಬಳಸುತ್ತಿದ್ದ ಮಾಡ್ಯೂಲುಗಳ ಹೆಸರಿನಲ್ಲೇ ಅವರು ಸಾರ್ವಜನಿಕ ಭಂಡಾರದಲ್ಲಿ ನಿರುಪದ್ರವಿ ತುಣುಕುಗಳನ್ನು ಇಟ್ಟಿದ್ದರು. ಆಪಲ್, ಮೈಕ್ರೋಸಾಫ್ಟ್ ಸೇರಿದಂತೆ ಹಲವು ಕಂಪನಿಗಳ ಯಂತ್ರಗಳು ಮನೆಯದನ್ನು ಬಿಟ್ಟು ಹೊರಗಿನದನ್ನೇ ತಂದುಕೊಂಡವು. ಅಂಚೆಯವನು ಮೊದಲ ಮನೆಯಲ್ಲಿ ನಿಲ್ಲುವಂಥ ಅದೇ ದೌರ್ಬಲ್ಯ, ವಿದ್ಯಾರ್ಥಿಯ ಕೋಣೆಯಿಂದ ಮಹಾ ಸಂಸ್ಥೆಗಳ ಒಳಮನೆಯವರೆಗೆ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳು ಇಲ್ಲವೇ ಇಲ್ಲದ ಮಾಡ್ಯೂಲುಗಳ ಹೆಸರನ್ನು ಧೈರ್ಯವಾಗಿ ಸೂಚಿಸುವುದುಂಟು. ಅಂಥ ಹೆಸರಿನಲ್ಲಿ ಯಾರಾದರೂ ಕೇಡಿನ ಸರಕು ಇಟ್ಟು ಕಾದಿರಬಹುದು ಎಂಬ ಎಚ್ಚರಿಕೆಯೂ ಕೇಳಿಬರುತ್ತಿದೆ.

ಆದ್ದರಿಂದ ‘ಇಲ್ಲ’ ಎಂಬ ಸಾಲು ಕಂಡೊಡನೆ ಗಾಬರಿಯಾಗಿ ಸಿಕ್ಕಿದ್ದನ್ನೆಲ್ಲ ಸ್ಥಾಪಿಸುವುದು ತರವಲ್ಲ. ದೋಷದ ಕೊನೆಯ ಸಾಲಿನಲ್ಲಿರುವ ಹೆಸರನ್ನು ಅಕ್ಷರಕ್ಷರ ಓದಬೇಕು. ಪ್ರೋಗ್ರಾಂ ನಡೆಸುತ್ತಿರುವುದು ಯಾವ ಪೈಥಾನ್ ಎಂದು ಅದನ್ನೇ ಕೇಳಬೇಕು. ಅದರ ಪಟ್ಟಿಯನ್ನು ಮುದ್ರಿಸಿ ನೋಡಬೇಕು. ತನ್ನ ಫೋಲ್ಡರಿನಲ್ಲೇ ಅದೇ ಹೆಸರಿನ ಕಡತವಿದೆಯೇ ಎಂದು ಪರಿಶೀಲಿಸಬೇಕು. ಆವೃತ್ತಿ ಹೊಂದುತ್ತದೆಯೇ ಎಂದು ತಾಳೆ ನೋಡಬೇಕು. ಕೊನೆಗೂ ಸಿಗದಿದ್ದರೆ, ಅಧಿಕೃತ ದಾಖಲೆಯಲ್ಲಿ ಸ್ಥಾಪನೆಯ ಹೆಸರನ್ನು ಖಚಿತಪಡಿಸಿಕೊಂಡ ಮೇಲಷ್ಟೇ ಹೊರಗಿನಿಂದ ತರಿಸಬೇಕು.

ಇದು ಗಣಿತದ ಪ್ರತಿಭೆಯನ್ನಾಗಲಿ ಇಂಗ್ಲಿಷಿನ ನಿರರ್ಗಳತೆಯನ್ನಾಗಲಿ ಬೇಡುವ ಕೆಲಸವಲ್ಲ. ಪೀಣ್ಯದ ಫಿಟ್ಟರ್ ನಟ್ಟು ಕೂರದಿದ್ದಾಗ ಸ್ಪ್ಯಾನರ್ ಕೆಳಗಿಟ್ಟು, ಥ್ರೆಡ್ ಗೇಜ್ ಹಿಡಿದು ಅಳೆಯುತ್ತಾನಲ್ಲ, ಅಷ್ಟೇ ತಾಳ್ಮೆ ಸಾಕು. ಕೇಂಬ್ರಿಜ್‌ನವರು ಬೀರುವಿನ ಮುಂದೆ ನಿಂತು ಕಣ್ಣಾರೆ ಮಾಡುತ್ತಿದ್ದುದೂ ಇದನ್ನೇ. ಮೊದಲ ವಾರದ ಕಲಿಕೆಯಲ್ಲಿ ‘ಇಲ್ಲ’ ಎಂಬ ಸಾಲನ್ನು ಕಂಡು ಎದ್ದುಹೋಗಲು ಹೊರಟವರಿಗೆ ಇಷ್ಟನ್ನು ಯಾರಾದರೂ ತಿಳಿಯ ಹೇಳಿದರೆ, ಅವರಲ್ಲಿ ಹಲವರು ಮತ್ತೆ ಕುಳಿತು ಕೆಲಸ ಮುಂದುವರಿಸಿಯಾರು.